ರೆನಾಲ್ಡ್ಸ್ ನಂಬರ್ 4000 ದಾಟಿದ್ರೂ ಪೈಪಲ್ಲಿ ಬಣ್ಣದ ಗೆರೆ ಒಡೀತಿಲ್ಲ, ನನ್ನ ಪ್ರಯೋಗ ತಪ್ಪಾ?

ತಪ್ಪೇನಿಲ್ಲ ರೀ. ರೆನಾಲ್ಡ್ಸ್ ನಂಬರ್ ಅಂದ್ರೆ ನೀರಿನ ವೇಗ, ಪೈಪಿನ ವ್ಯಾಸ, ನೀರಿನ ಜಿಗುಟುತನ ಸೇರಿಸಿ ಹಾಕೋ ಲೆಕ್ಕ. ಅದು 2300 ದಾಟಿದ್ರೆ ಗೆರೆ ಒಡೆಯುತ್ತೆ ಅಂತ ಪುಸ್ತಕದಲ್ಲಿದೆ, ನಿಮಗೆ 4000 ದಾಟಿದ್ರೂ ಗೆರೆ ನೆಟ್ಟಗೆ ಹೋಗ್ತಿದೆ ಅಂದ್ರೆ ನಿಮ್ಮ ಟ್ಯಾಂಕಿನ ನೀರು ಚೆನ್ನಾಗಿ ನಿಂತು ಅಲುಗಾಟ ಇಲ್ಲದೆ ಶಾಂತವಾಗಿತ್ತು, ಪೈಪಿನ ಬಾಯಿ ನುಣುಪಾಗಿತ್ತು ಅಂತ. 1883ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಮ್ಯಾಂಚೆಸ್ಟರಲ್ಲಿ ಇದೇ ಪ್ರಯೋಗ ಮಾಡ್ದಾಗ ಜೋಪಾನವಾಗಿದ್ರೆ ಸುಮಾರು 13,000ದ ತನಕ ಲ್ಯಾಮಿನಾರ್ ಹರಿವು (ಕಲಸದೆ ಪದರ ಪದರವಾಗಿ ನೆಟ್ಟಗೆ ಹೋಗೋದು) ಸಿಕ್ಕಿತ್ತು, 1961ರಲ್ಲಿ ಫೆನ್ನಿಂಗರ್ ಅದನ್ನ 1 ಲಕ್ಷದವರೆಗೂ ಎಳೆದ್ರು.

ದುಂಡನೆ ಪೈಪಲ್ಲಿ ತೀರ ಸಣ್ಣ ಅಲುಗಾಟ ಕೊಟ್ರೆ ಅದು ಹೋಗ್ತಾ ಹೋಗ್ತಾ ಸತ್ತುಹೋಗುತ್ತೆ, ಟರ್ಬುಲೆನ್ಸ್ (ನೀರು ಕಲಸಿಕೊಂಡು ಅಡ್ಡಾದಿಡ್ಡಿ ಹರಿಯೋದು) ಹುಟ್ಟಬೇಕಂದ್ರೆ ಒಂದು ಮಟ್ಟಕ್ಕಿಂತ ಜೋರಾಗಿ ಏಟು ಬೀಳ್ಬೇಕು, ನಂಬರ್ ಏರಿದಷ್ಟೂ ಆ ಏಟು ಸಣ್ಣದಾದ್ರೂ ಸಾಕಾಗುತ್ತೆ. ಒಂದರೊಳಗೊಂದು ಸಿಲಿಂಡರ್ ಇಟ್ಟು ಒಳಗಿನದನ್ನ ತಿರುಗಿಸೋ ಪ್ರಯೋಗ ಹಾಗಲ್ಲ, ಅಲ್ಲಿ ಇಂಥ ವೇಗಕ್ಕೆ ಸುರುಳಿಗಳು ಬರ್ತವೆ ಅಂತ 1923ರಲ್ಲಿ ಬ್ರಿಟಿಷ್ ವಿಜ್ಞಾನಿ ಜಿ. ಐ. ಟೇಲರ್ ಲೆಕ್ಕ ಹಾಕಿ ಪ್ರಯೋಗದಲ್ಲೂ ತೋರಿಸಿದ್ರು. ಪೈಪು ಅಷ್ಟು ಸೀದಾ ಪ್ರಾಣಿ ಅಲ್ಲ.

ನನಗೆ ಉಲ್ಟಾ ತೊಂದ್ರೆ ಆಗಿತ್ತು, 2500ಕ್ಕೇ ಗೆರೆ ಒಡೀತಿತ್ತು, ವಾರಗಟ್ಲೆ ಪೈಪನ್ನೇ ಬೈಕೊಂಡು ಕೂತಿದ್ದೆ, ಕೊನೆಗೆ ನೋಡಿದ್ರೆ ಪಂಪ್ ಅದೇ ಟೇಬಲ್ ಮೇಲಿತ್ತು! ಪಂಪ್ ಆಫ್ ಮಾಡಿ ಮೇಲಿನ ಟ್ಯಾಂಕಿಂದ ನೀರು ಬಿಟ್ಟ ಮೇಲೆ ಗೆರೆ ನೂಲಿನ ಥರ ನಿಂತ್ಕೊಳ್ತು. ಆಗ ಯಾರಾದ್ರೂ ಬಾಗಿಲು ದಡಾರ್ ಅಂತ ಹಾಕಿದ್ರೆ ಗೆರೇಲಿ ಒಂದು ತುಂಡು ಮಾತ್ರ ಕಲಸಿಹೋಗಿ ಹಾಗೇ ತೇಲ್ಕೊಂಡು ಹೋಗ್ತಿತ್ತು, ಅದರ ಹಿಂದೆ ಬಣ್ಣ ಮತ್ತೆ ನೆಟ್ಟಗೆ. ಇಂಥ ತುಂಡಿಗೆ ಪಫ್ ಅಂತಾರೆ. ಅದು ಇದ್ದಕ್ಕಿದ್ದಂಗೆ ಸಾಯಬಹುದು, ಇಲ್ಲಾ ಒಡೆದು ಎರಡಾಗಬಹುದು, ಸಾಯೋದಕ್ಕಿಂತ ಒಡೆಯೋದು ಮೇಲುಗೈ ಆಗೋದು ರೆನಾಲ್ಡ್ಸ್ ನಂಬರ್ ಸುಮಾರು 2040 ಆದಾಗ ಅಂತ 2011ರಲ್ಲಿ ಗೊತ್ತಾಯ್ತು. ಅದಕ್ಕೇ 2300 ಅನ್ನೋದನ್ನ ನಾನು ಅಷ್ಟು ಸೀರಿಯಸ್ಸಾಗಿ ತಗೊಳ್ಳಲ್ಲ.

ನಿಮ್ಮ ಪೈಪ್ ಎಷ್ಟುದ್ದ ಅಂತ ಮಾತ್ರ ನೋಡ್ಕೊಳ್ಳಿ. 4000ದಲ್ಲಿ ಫ್ಲೋ ಪೂರ್ತಿ ಬೆಳೆಯೋಕೆ (ಅಂದ್ರೆ ಪೈಪಿನೊಳಗೆ ವೇಗದ ಹಂಚಿಕೆ ಮುಂದೆ ಬದಲಾಗದ ಹಾಗೆ ನಿಲ್ಲೋಕೆ) ವ್ಯಾಸದ 240 ಪಟ್ಟು ಬೇಕು, 20 ಮಿಮೀ ಪೈಪಾದ್ರೆ ಹತ್ತಿರತ್ತಿರ 5 ಮೀಟರ್. ಒಂದು ಮೀಟರ್ ಪೈಪಲ್ಲಿ ಅಲುಗಾಟ ಬೆಳೆಯೋ ಮುಂಚೆನೇ ನೀರು ಆಚೆ ಬಂದಿರುತ್ತೆ. ನೀರಿನ ಟೆಂಪರೇಚರ್ ಕೂಡ ಬರೆದಿಡಿ, 20ರಿಂದ 25 ಡಿಗ್ರಿಗೆ ಹೋದ್ರೆ ವಿಸ್ಕಾಸಿಟಿ (ನೀರಿನ ಜಿಗುಟುತನ) ಶೇ. 11ರಷ್ಟು ಇಳಿಯುತ್ತೆ, ನೀವು 4000 ಅಂದ್ಕೊಂಡಿದ್ದು ಆಗ ನಿಜವಾಗಿ 4500 ಆಗಿರುತ್ತೆ.

ಆಮೇಲೆ ಪೈಪಿನ ಪಕ್ಕದಲ್ಲೊಂದು ಸಣ್ಣ ತೂತು ಮಾಡಿ ಸಿರಿಂಜಲ್ಲಿ ಅಳೆದು ನೀರು ಚುಚ್ಚಿ, ಯಾವ ನಂಬರಿಗೆ ಎಷ್ಟು ಚುಚ್ಚಿದ್ರೆ ಗೆರೆ ಒಡೆಯುತ್ತೆ ಅಂತ ಗ್ರಾಫ್ ಹಾಕಿ. ರಿಪೋರ್ಟಲ್ಲಿ ಮಾತ್ರ 4000ವನ್ನ ತಿದ್ದಿ 2300 ಮಾಡ್ಬೇಡಿ ಮತ್ತೆ.