ನೈಜೀರಿಯಾದ ಗಾಯಕ ಫೆಲಾ ಕುಟಿ ಹಾಡಿಗೆ ಅಲ್ಲಿನ ಸೇನಾ ಸರ್ಕಾರ ಯಾಕೆ ಅಷ್ಟು ಹೆದರಿತ್ತು?

ಅವರ ಮಾತು ಓದು ಬಾರದವರಿಗೂ ನೇರವಾಗಿ ತಲುಪುತ್ತಿತ್ತು, ಅದಕ್ಕೇ. ನೈಜೀರಿಯಾದಲ್ಲಿ ನೂರಾರು ಭಾಷೆಗಳಿವೆ. ಫೆಲಾ ಜಾಸ್ತಿ ಹಾಡಿದ್ದು ಪಿಜಿನ್‌ನಲ್ಲಿ, ಅಂದರೆ ಸಂತೆಬೀದಿಯಲ್ಲಿ ಎಲ್ಲರೂ ಆಡುವ ಬೆರಕೆ ಇಂಗ್ಲಿಷಿನಲ್ಲಿ. ಪತ್ರಿಕೆಯ ಬಾಯಿ ಮುಚ್ಚಿಸಬಹುದು. ಕುಣಿಯುತ್ತಾ ಬಾಯಿಪಾಠವಾದ ಹಾಡನ್ನು ತಡೆಯೋದು ಕಷ್ಟ ಅಲ್ವಾ?

1976ರ ‘ಜೋಂಬಿ’ಯಲ್ಲಿ ಅವರು ಸೈನಿಕರನ್ನು ಹೇಳಿದ್ದಷ್ಟೇ ಮಾಡುವ ನಡೆದಾಡುವ ಹೆಣಗಳಿಗೆ ಹೋಲಿಸಿದರು. ಕವಾಯತಿನ ಆಜ್ಞೆಗಳನ್ನೇ ಹಾಡಿನೊಳಗೆ ಕೂಗಿದರು. 1977ರ ಫೆಬ್ರವರಿಯಲ್ಲಿ ಸುಮಾರು ಸಾವಿರ ಸೈನಿಕರು ಲಾಗೋಸ್‌ನ ಅವರ ಮನೆಗೆ ನುಗ್ಗಿ ಬೆಂಕಿ ಇಟ್ಟರು. ಅವರ ವಯಸ್ಸಾದ ತಾಯಿ ಫುನ್ಮಿಲಾಯೊರನ್ನು ಕಿಟಕಿಯಿಂದ ಎಸೆದರು. ಅವರೂ ದೊಡ್ಡ ಹೋರಾಟಗಾರ್ತಿ. ಮರುವರ್ಷ ತೀರಿಕೊಂಡರು. ಆಮೇಲೆ ಫೆಲಾ ಶವಪೆಟ್ಟಿಗೆಯೊಂದನ್ನು ಹೊತ್ತೊಯ್ದು ದೇಶದ ಮುಖ್ಯಸ್ಥರಿದ್ದ ಸೇನಾ ಬ್ಯಾರಕ್ಸ್ ಮುಂದೆ ಇಟ್ಟರು. ಅದನ್ನೂ ಹಾಡು ಮಾಡಿದರು.