ಮೆಲ್ಬರ್ನ್‌ನ ಬೇಸಿಗೆಯ ಕ್ರಿಸ್‌ಮಸ್: ಕರೆದರೆ ಹೋಗಿ, ಕೋಸಂಬರಿ ಒಯ್ಯಿರಿ

ಸೆಪ್ಟೆಂಬರಿನಲ್ಲಿ ಮೆಲ್ಬರ್ನ್‌ಗೆ ಬಂದಿದ್ದೀರಿ. ಆಫೀಸಿನವರೊಬ್ಬರು ಡಿಸೆಂಬರ್ 25ರ ಮಧ್ಯಾಹ್ನ ಊಟಕ್ಕೆ ಕರೆದು ‘ಬ್ರಿಂಗ್ ಎ ಪ್ಲೇಟ್’ ಅಂದಿದ್ದಾರೆ. ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು, ಚಿಕ್ಕ ಮಕ್ಕಳಿದ್ದಾರೆ, ಹೋಗುವುದೋ ಬೇಡವೋ ಎಂದು ಕೇಳಿದ್ದೀರಿ. ಖಂಡಿತ ಹೋಗಿ. ಇಲ್ಲಿ ಕ್ರಿಸ್‌ಮಸ್ ಮನೆಮಂದಿಯ ಹಬ್ಬ. ಆ ದಿನ ಹೊರಗಿನವರನ್ನು ಕರೆದರೆ ಅದು ಬಾಯಿಮಾತಿನ ಕರೆಯಲ್ಲ. ಮನೆಯಲ್ಲೇ ಉಳಿದರೆ ದಿನ ಬಹಳ ಉದ್ದವಾಗುತ್ತದೆ: ಬಂದ್ ಆದ ಹಾಗೆ ಖಾಲಿ ರಸ್ತೆ, ಮುಚ್ಚಿದ ಅಂಗಡಿಗಳು, ಹೊತ್ತು ಮುಳುಗುವುದು ರಾತ್ರಿ 8.40ರ ಸುಮಾರಿಗೆ.

‘ಬ್ರಿಂಗ್ ಎ ಪ್ಲೇಟ್’ ಅಂದರೆ ಖಾಲಿ ತಟ್ಟೆ ತನ್ನಿ ಎಂದಲ್ಲ. ಎಲ್ಲರೂ ಹಂಚಿಕೊಂಡು ತಿನ್ನುವಂಥದ್ದು ಏನಾದರೂ ಮಾಡಿಕೊಂಡು ಬನ್ನಿ ಎಂದರ್ಥ. ಜೊತೆಗೆ ‘ಬಿವೈಓ’ ಅಂದಿದ್ದರೆ ನಿಮಗೆ ಬೇಕಾದ ಪಾನೀಯ ನೀವೇ ಒಯ್ಯಬೇಕು. ಜ್ಯೂಸ್ ಒಯ್ದರೂ ಯಾರೂ ತಪ್ಪು ತಿಳಿಯುವುದಿಲ್ಲ.

ಪಲಾವ್, ಬಿಸಿಬೇಳೆಬಾತ್ ಆಸೆ ಬಿಡಿ. 38 ಡಿಗ್ರಿ ಬಿಸಿಲಲ್ಲಿ ತಣ್ಣಗಿರುವ ತಿಂಡಿಯೇ ಖರ್ಚಾಗುವುದು. ಕೋಸಂಬರಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಹತ್ತು ಜನಕ್ಕೆ ಒಂದೂವರೆ ಲೋಟ ಹೆಸರುಬೇಳೆ ಸಾಕು. ಒಂದು ಗಂಟೆ ನೆನೆಸಿ, ಜರಡಿಯಲ್ಲಿ ಅರ್ಧ ಗಂಟೆ ಬಿಟ್ಟು ನೀರು ಪೂರ್ತಿ ಬಸಿಯಿರಿ. ಉದ್ದನೆಯ ಸೌತೆಕಾಯಿ ಎರಡು, ತುರಿದ ಕ್ಯಾರೆಟ್ ಎರಡು, ಕೊತ್ತಂಬರಿ ಸೊಪ್ಪು, ತೆಂಗಿನತುರಿ. ಒಗ್ಗರಣೆ ಮನೆಯಲ್ಲೇ ಮುಗಿಸಿ. ಉಪ್ಪು, ನಿಂಬೆರಸ ಮಾತ್ರ ಬೇರೆ ಡಬ್ಬಿಯಲ್ಲಿ ಒಯ್ದು ಬಡಿಸುವ ಹೊತ್ತಿಗೆ ಬೆರೆಸಿ. ಮೊದಲೇ ಉಪ್ಪು ಬಿದ್ದರೆ ಸೌತೆಕಾಯಿ ನೀರು ಬಿಟ್ಟುಕೊಂಡು, ಅವರ ಮನೆ ಮುಟ್ಟುವಷ್ಟರಲ್ಲಿ ಬೇಳೆ ತೇಲುತ್ತಿರುತ್ತದೆ. ಹಸಿಮೆಣಸಿನಕಾಯಿ ಹೆಚ್ಚಿ ಹಾಕದೆ ಸೀಳಿ ಹಾಕಿ. ಖಾರ ಬೇಡದವರು ಎತ್ತಿಡಬಹುದು. ಡಬ್ಬಿಯ ಇಂಗಿಗೆ ಸಾಮಾನ್ಯವಾಗಿ ಗೋಧಿಹಿಟ್ಟು ಬೆರೆಸಿರುತ್ತಾರೆ, ಗ್ಲುಟನ್ ಆಗದವರಿಗೆ ಅದು ತೊಂದರೆ. ಕಡಲೆಕಾಯಿ, ಗೋಡಂಬಿ, ಎಳ್ಳು ಇದ್ದರಂತೂ ಪಾತ್ರೆಯ ಮೇಲೆ ಚೀಟಿ ಅಂಟಿಸಲೇಬೇಕು. ಇಲ್ಲಿ ಅಲರ್ಜಿ ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಸಾಗಿಸಲು ‘ಎಸ್ಕಿ’ ಬೇಕು. ತಂಪು ಪೆಟ್ಟಿಗೆಗೆ ಇಲ್ಲಿನವರ ಹೆಸರು ಅದು. ಐಸ್ ಚೀಲವನ್ನು 24ರಂದೇ ತಂದು ಫ್ರೀಜರಿನಲ್ಲಿಡಿ, ಮರುದಿನ ಬೆಳಿಗ್ಗೆ ಸಿಗುವ ಭರವಸೆಯಿಲ್ಲ. ಇನ್ನೊಂದು ಲೆಕ್ಕ ನೆನಪಿಡಿ: 5ರಿಂದ 60 ಡಿಗ್ರಿ ನಡುವೆ ಹೊರಗಿದ್ದ ಅಡುಗೆ, ಒಟ್ಟು ಎರಡು ಗಂಟೆಯೊಳಗಾದರೆ ಮತ್ತೆ ಫ್ರಿಜ್ಜಿಗಿಡಬಹುದು, ಎರಡರಿಂದ ನಾಲ್ಕು ಗಂಟೆಯಾಗಿದ್ದರೆ ಅಲ್ಲೇ ತಿಂದು ಮುಗಿಸಬೇಕು, ನಾಲ್ಕು ದಾಟಿದರೆ ಕಸದ ಬುಟ್ಟಿಗೆ. ಅನ್ನದ ತಿಂಡಿಗಳಿಗೆ ಇದು ಇನ್ನೂ ಮುಖ್ಯ. ಅನ್ನ ಬೆಂದರೂ ಅದರಲ್ಲಿ ಉಳಿಯುವ ಬ್ಯಾಕ್ಟೀರಿಯಾ ಬೀಜಕಗಳು ಬೆಚ್ಚಗಿನ ಜಾಗದಲ್ಲಿ ಬೆಳೆದು ವಿಷ ಉಂಟುಮಾಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ.

ಮೇಜಿನ ಮೇಲೆ ಹ್ಯಾಮ್, ಸಿಗಡಿ ಇರುವುದು ಕಣ್ಣಿಗೇ ಕಾಣುತ್ತದೆ. ಮೋಸಹೋಗುವುದು ಸಿಹಿಯಲ್ಲಿ. ಕ್ರಿಸ್‌ಮಸ್ ಪುಡಿಂಗ್‌ನಲ್ಲಿ, ಮಿನ್ಸ್ ಪೈನಲ್ಲಿ ‘ಸೂಯೆಟ್’ ಅಂದರೆ ದನದ ಕೊಬ್ಬು ಇರಬಹುದು. ಸಸ್ಯಜನ್ಯ ಕೊಬ್ಬಿನದೂ ಸಿಗುತ್ತದೆ, ಆದ್ದರಿಂದ ಕೇಳಿ. ಟ್ರೈಫಲ್‌ನ ಜೆಲ್ಲಿಗೆ ಹಾಕುವ ಜೆಲಟಿನ್ ಪ್ರಾಣಿಮೂಲದ್ದು. ಪಾವ್ಲೋವಾ ಮೊಟ್ಟೆಯ ಬಿಳಿಭಾಗದ್ದು. ಮಾವು, ಚೆರ್ರಿಗೆ ಯಾವ ಪ್ರಶ್ನೆಯೂ ಇಲ್ಲ, ಎರಡಕ್ಕೂ ಇದೇ ಸುಗ್ಗಿ. ಸಸ್ಯಾಹಾರಿಗಳೆಂದು ಒಂದು ವಾರ ಮೊದಲೇ ಹೇಳಿಬಿಡಿ, ಕೊನೇ ಗಳಿಗೆಯಲ್ಲಿ ಹೇಳಿದರೆ ಅವರಿಗೆ ಮುಜುಗರ. ಬಾರ್ಬೆಕ್ಯೂ ತಟ್ಟೆಯ ಒಂದು ಮೂಲೆಯಲ್ಲಿ ಫಾಯಿಲ್ ಹಾಸಿ ನಿಮ್ಮ ಜೋಳ, ಪನೀರ್ ಬೇಯಿಸಲು ಕೇಳುವುದರಲ್ಲಿ ಸಂಕೋಚ ಬೇಡ.

ಕೈಗಾಣಿಕೆಗೆ ಚಾಕೊಲೇಟ್ ಬೇಡ, ಕಾರಿನಲ್ಲೇ ಕರಗುತ್ತದೆ. ಒಂದು ಪೆಟ್ಟಿಗೆ ಚೆರ್ರಿ ಅಥವಾ ಹೂಕುಂಡ ಒಳ್ಳೆಯದು. ತಟ್ಟೆಯ ಪಕ್ಕ ಬಣ್ಣದ ಕಾಗದ ಸುತ್ತಿದ ಕೊಳವೆ ಇಟ್ಟಿರುತ್ತಾರೆ, ಅದೇ ಬಾನ್‌ಬಾನ್. ಪಕ್ಕದವರೊಂದಿಗೆ ಆಚೀಚೆ ಎಳೆದರೆ ಟಪ್ ಎಂದು ಒಡೆದು ಒಳಗಿನಿಂದ ಕಾಗದದ ಕಿರೀಟ ಬೀಳುತ್ತದೆ. ತೊಟ್ಟುಕೊಳ್ಳಿ, ಮನೆಯ ಹಿರಿಯರೂ ತೊಟ್ಟಿರುತ್ತಾರೆ.

ಬಿಸಿಲಿನ ವಿಷಯದಲ್ಲಿ ನಮ್ಮವರು ಮಾಡುವ ತಪ್ಪು ಒಂದೇ: ಕಪ್ಪು ಚರ್ಮಕ್ಕೆ ಸನ್‌ಸ್ಕ್ರೀನ್ ಯಾಕೆ ಎನ್ನುವುದು. ಸುಡುವುದು ಶಾಖವಲ್ಲ, ಅತಿನೇರಳೆ ಕಿರಣ. ಮೋಡವಿದ್ದು ತಂಪಾಗಿದ್ದರೂ ಅದು ಇರುತ್ತದೆ. ಈ ಕಿರಣವನ್ನು ಅಳೆಯುವ ಯುವಿ ಸೂಚ್ಯಂಕ 3 ಮುಟ್ಟಿದರೆ ರಕ್ಷಣೆ ಬೇಕು. ಡಿಸೆಂಬರ್ ಮಧ್ಯಾಹ್ನ ಅದು 11 ದಾಟುವುದು ಮಾಮೂಲು. ಹೊರಡುವ 20 ನಿಮಿಷ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ದೊಡ್ಡವರಿಗೆ ಮೈಪೂರ್ತಿ ಸುಮಾರು ಏಳು ಟೀಚಮಚ ಬೇಕು. ಸಮುದ್ರಕ್ಕೆ ಇಳಿಯುವುದಾದರೆ ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ. ಬಾವುಟವಿಲ್ಲದ ಕಡೆ ಶಾಂತವಾಗಿ ಕಾಣುವ ನೀರೇ ಕೆಲವೊಮ್ಮೆ ಒಳಕ್ಕೆಳೆಯುವ ಸೆಳೆತ. ಸ್ವೆಟರೂ ಇರಲಿ. ‘ಕೂಲ್ ಚೇಂಜ್’ ಎನ್ನುವ ತಣ್ಣನೆಯ ಗಾಳಿ ಬೀಸಿದರೆ ಅರ್ಧ ಗಂಟೆಯಲ್ಲಿ ಹದಿನೈದು ಡಿಗ್ರಿ ಇಳಿದೀತು.

ಈಗಲೇ ಆಫೀಸಿನಲ್ಲಿ ಕೇಳಬೇಕಾದ್ದೊಂದಿದೆ. ಎಷ್ಟೋ ಕಂಪನಿಗಳು ಹೊಸ ವರ್ಷದವರೆಗೆ ಬಾಗಿಲು ಹಾಕಿ, ಆ ದಿನಗಳನ್ನು ನಿಮ್ಮ ವಾರ್ಷಿಕ ರಜೆಯಿಂದ ಕಳೆಯುತ್ತವೆ. 25, 26 ಸಾರ್ವಜನಿಕ ರಜೆ, ಅವನ್ನು ಕಳೆಯುವಂತಿಲ್ಲ. ವರ್ಷಕ್ಕೆ ನಾಲ್ಕು ವಾರ ರಜೆಯೆಂದರೆ ತಿಂಗಳಿಗೆ ಒಂದೂಮುಕ್ಕಾಲು ದಿನಕ್ಕಿಂತ ಸ್ವಲ್ಪ ಕಡಿಮೆ. ಸೆಪ್ಟೆಂಬರಿನಲ್ಲಿ ಸೇರಿದವರಿಗೆ ಐದಾರು ದಿನ ಕೂಡಿರುತ್ತದೆ. ಬಾಗಿಲು ಹಾಕುವ ದಿನ ಅದಕ್ಕಿಂತ ಹೆಚ್ಚಾದರೆ ಸಂಬಳವಿಲ್ಲದ ರಜೆಯೋ, ಮುಂಗಡ ರಜೆಯೋ ಎಂದು ಬರವಣಿಗೆಯಲ್ಲಿ ಪಡೆಯಿರಿ. ದಿನವೂ ತೆಗೆದುಕೊಳ್ಳುವ ಔಷಧಿ, ಮಗುವಿನ ಹಾಲಿನಪುಡಿ 23ರೊಳಗೆ ತಂದಿಟ್ಟುಕೊಳ್ಳಿ.

ಮಕ್ಕಳಿಗೆ ಬರ್ಕ್ ಸ್ಟ್ರೀಟಿನ ಮೈಯರ್ ಅಂಗಡಿಯ ಕಿಟಕಿಗಳಲ್ಲಿನ ಗೊಂಬೆಗಳನ್ನು ತೋರಿಸಿ. 1956ರಿಂದ ನಡೆದುಬಂದದ್ದು, ದುಡ್ಡು ಕೊಡಬೇಕಿಲ್ಲ. ಐವನ್‌ಹೋ ಬಡಾವಣೆಯ ಬುಲೆವಾರ್ಡ್ ರಸ್ತೆಯ ಮನೆಗಳ ದೀಪಾಲಂಕಾರ ನೋಡುವುದಾದರೆ ಒಂಬತ್ತೂಕಾಲಿಗೆ ಮೊದಲು ಹೋಗಿ ಪ್ರಯೋಜನವಿಲ್ಲ, ಕತ್ತಲಾಗಿರುವುದಿಲ್ಲ. ಮಕ್ಕಳನ್ನು ಮಧ್ಯಾಹ್ನ ಒಂದು ನಿದ್ದೆ ಮಾಡಿಸಿ, ಕಾರನ್ನು ದೂರದಲ್ಲೇ ನಿಲ್ಲಿಸಿ ನಡೆದುಕೊಂಡು ಹೋಗಿ.