ಸ್ವಯಂ ನಿವೃತ್ತಿ ಪತ್ರಕ್ಕೆ ಸಹಿ ಹಾಕಬೇಡಿ

ಸಾರಿಗೆ ನಿಗಮದಲ್ಲಿ ಬಸ್ ಚಾಲಕರಾಗಿರುವ ನಿಮ್ಮ ಯಜಮಾನರಿಗೆ ಪಾರ್ಶ್ವವಾಯು ಹೊಡೆದು ಬಲಗೈ ಸ್ವಾಧೀನ ತಪ್ಪಿದೆ, ಡಿಪೊದಲ್ಲಿ ಸ್ವಯಂ ನಿವೃತ್ತಿ ಪತ್ರ ಕೇಳುತ್ತಿದ್ದಾರೆ, ಕೊಡಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಕೊಡಬೇಡಿ ಅಕ್ಕ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 20(4)ನೇ ಕಲಂ ಸರ್ಕಾರಿ ನಿಗಮಗಳಿಗೂ ಅನ್ವಯಿಸುತ್ತದೆ. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಉಂಟಾದವರನ್ನು ಕೆಲಸದಿಂದ ತೆಗೆಯುವಂತಿಲ್ಲ, ಹಿಂಬಡ್ತಿಯನ್ನೂ ಕೊಡುವಂತಿಲ್ಲ. ಸ್ಟೀರಿಂಗ್ ಹಿಡಿಯಲಾಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಅದೂ ಇಲ್ಲವೆಂದರೆ, ಸೂಕ್ತ ಹುದ್ದೆ ಸಿಗುವವರೆಗೆ ಅಥವಾ ನಿವೃತ್ತಿಯ ವಯಸ್ಸಿನವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇರಿಸಿಕೊಳ್ಳಬೇಕು.

ನಮ್ಮ ತಂದೆಯೂ ಚಾಲಕರಾಗಿದ್ದರು. ನಡುಗುವ ಎಡಗೈಯ ಹೆಬ್ಬೆರಳಿಗೆ ಶಾಯಿ ಬಳಿಸಿಕೊಂಡು ಇಂಥದೇ ಪತ್ರಕ್ಕೆ ಒತ್ತಿಬಿಟ್ಟರು. ಕಾನೂನು ನಮಗೆ ತಿಳಿದದ್ದು ಆಮೇಲೆ.

ಅಂಗವೈಕಲ್ಯ ಪ್ರಮಾಣಪತ್ರ ಲಗತ್ತಿಸಿ, ಬೇರೆ ಹುದ್ದೆ ಕೋರಿ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಒಪ್ಪದಿದ್ದರೆ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು.